ಬಾಕ್ಸ್, ಕ್ವಿಂಟಲ್, ಕಿಲೋ: ಕೋಲಾರದ ಟೊಮೆಟೊ ಸುದ್ದಿಯಾದ ಬಗೆ

ಕೋಲಾರದ ಎಪಿಎಂಸಿ ಪ್ರಾಂಗಣದಲ್ಲಿ ಟೊಮೆಟೊ ಹರಾಜಾಗುವುದು 15 ಕಿಲೋ ಹಿಡಿಯುವ ಬಾಕ್ಸ್ ಲೆಕ್ಕದಲ್ಲಿ. ಸರ್ಕಾರಿ ದಾಖಲೆಯಲ್ಲಿ ಅದೇ ಹಣ್ಣಿನ ದರ ಕ್ವಿಂಟಲ್ ಲೆಕ್ಕದಲ್ಲಿ ನಮೂದಾಗುತ್ತದೆ. ಟಿವಿ ಪರದೆಗೆ ಬರುವ ಹೊತ್ತಿಗೆ ಅದು ಕಿಲೋ ಲೆಕ್ಕವಾಗಿರುತ್ತದೆ. ಇದು ಬರೀ ಅಳತೆಯ ವ್ಯತ್ಯಾಸವಲ್ಲ. ರೈತನಿಗೆ ಕಿಲೋ ಲೆಕ್ಕದಲ್ಲಿ ಯೋಚಿಸಿ ಅಭ್ಯಾಸವಿಲ್ಲ, ಬೆಂಗಳೂರಿನ ಗೃಹಿಣಿ ಬಾಕ್ಸ್ ಲೆಕ್ಕದಲ್ಲಿ ಕೊಳ್ಳುವುದಿಲ್ಲ. ಸುದ್ದಿಯನ್ನು ಯಾವ ಲೆಕ್ಕದಲ್ಲಿ ಹೇಳುತ್ತೇವೆ ಎಂಬುದರಲ್ಲಿಯೇ ಯಾರ ಮನೆಯ ಬಾಗಿಲಲ್ಲಿ ನಿಂತು ಹೇಳುತ್ತಿದ್ದೇವೆ ಎಂಬುದೂ ತಿಳಿಯುತ್ತದೆ.

ಹಲವು ವರ್ಷಗಳಿಂದ ಟೊಮೆಟೊ ಸುದ್ದಿ ಎರಡೇ ಚಿತ್ರಗಳ ನಡುವೆ ಓಡಾಡುತ್ತಿದೆ. ಒಂದರಲ್ಲಿ ‘ಕೆಂಪು ಸುಂದರಿ’ಯ ಬೆಲೆ ಗಗನಕ್ಕೇರಿ ಗ್ರಾಹಕರ ಜೇಬಿಗೆ ಕತ್ತರಿ ಬಿದ್ದಿರುತ್ತದೆ, ಇನ್ನೊಂದರಲ್ಲಿ ರೈತರು ಹಣ್ಣನ್ನು ರಸ್ತೆಗೆ ಸುರಿಯುತ್ತಿರುತ್ತಾರೆ. 2021 ಒಂದೇ ವರ್ಷದಲ್ಲಿ ಈ ಎರಡೂ ನಡೆದವು. ಮೇ ತಿಂಗಳ ಲಾಕ್‌ಡೌನ್‌ನಲ್ಲಿ ಕೊಳ್ಳುವವರಿಲ್ಲದೆ ಕೋಲಾರದ ರೈತರು ಹಣ್ಣು ಚೆಲ್ಲಿದರು. ನವೆಂಬರ್‌ನ ಎಡೆಬಿಡದ ಮಳೆಗೆ ತೋಟಗಳು ಕೊಳೆತು, ಬೆಂಗಳೂರಿನ ಅಂಗಡಿಗಳಲ್ಲಿ ಕಿಲೋ ಬೆಲೆ ನೂರರ ಆಸುಪಾಸಿಗೆ ಹೋಯಿತು. ಎರಡೂ ನಿಜವೇ. ಆದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ಹಳ್ಳಿಗಳಲ್ಲಿ ಏನಾಯಿತು ಎಂಬುದನ್ನು ಓದಿದ ನೆನಪು ಹೆಚ್ಚು ಜನರಿಗೆ ಇರಲಾರದು.

ಹಿಂದೆ ಈ ಮಾಹಿತಿಗೆ ‘ಪೇಟೆ ಧಾರಣೆ’ ಎಂಬ ಹೆಸರಿತ್ತು. ಪತ್ರಿಕೆಯ ಒಳಪುಟದ ಸಣ್ಣ ಅಕ್ಷರಗಳಲ್ಲಿ, 1955ರಲ್ಲಿ ಆರಂಭವಾದ ಬೆಂಗಳೂರು ಆಕಾಶವಾಣಿಯ ಕೃಷಿ ಕಾರ್ಯಕ್ರಮಗಳಲ್ಲಿ, ಏರಿದರೂ ಇಳಿದರೂ ಅದು ಒಂದೇ ದನಿಯಲ್ಲಿ ಬರುತ್ತಿತ್ತು. 1981ರಲ್ಲಿ ಬೆಂಗಳೂರು ದೂರದರ್ಶನ ಬಂದಿತು, ತೊಂಬತ್ತರ ದಶಕದಲ್ಲಿ ಖಾಸಗಿ ವಾಹಿನಿಗಳು ಬಂದವು, 2006ರಿಂದೀಚೆಗೆ ದಿನದ 24 ಗಂಟೆಯೂ ಸುದ್ದಿ ಹೇಳುವ ಕನ್ನಡ ವಾಹಿನಿಗಳು ಸಾಲುಗಟ್ಟಿದವು. ಈ ಅವಧಿಯಲ್ಲಿಯೇ ‘ಧಾರಣೆ’ ಹಿಂದೆ ಸರಿದು ‘ಬೆಲೆ ಏರಿಕೆ’ ಮುಂದೆ ಬಂದಿತು. ಧಾರಣೆ ಎಂಬುದು ಮಾರುವವನೂ ಕೊಳ್ಳುವವನೂ ಕೂಡಿ ಕೇಳಿಸಿಕೊಳ್ಳುತ್ತಿದ್ದ ಮಾತು. ಬೆಲೆ ಏರಿಕೆ ಎಂಬ ಮಾತು ಕೊಳ್ಳುವವನ ಸಂಕಟವನ್ನಷ್ಟೇ ಹೇಳುತ್ತದೆ.

ಟೊಮೆಟೊಗೆ ಇಷ್ಟು ಗಮನ ಸಿಗುವುದಕ್ಕೆ ಬೇರೆ ಕಾರಣಗಳೂ ಇವೆ. 2012ನ್ನು ಆಧಾರ ವರ್ಷವಾಗಿಸಿಕೊಂಡ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಅದರ ಪಾಲು ಶೇ 0.57 ಮಾತ್ರ ಇತ್ತು. ಆದರೂ ಬೆಲೆ ತೀವ್ರವಾಗಿ ಏರಿಳಿಯುವುದರಿಂದ ಈರುಳ್ಳಿ, ಆಲೂಗಡ್ಡೆಯ ಜೊತೆಗೆ ಅದೂ ಹಣದುಬ್ಬರದ ಲೆಕ್ಕವನ್ನು ಅಲುಗಾಡಿಸುತ್ತದೆ. 2018ರ ಕೇಂದ್ರ ಬಜೆಟ್ ಈ ಮೂರು ಬೆಳೆಗಳಿಗೆಂದೇ ₹500 ಕೋಟಿಯ ಆಪರೇಷನ್ ಗ್ರೀನ್ಸ್ ಯೋಜನೆ ಪ್ರಕಟಿಸಿತು. ಸುದ್ದಿಯ ಒತ್ತೂ ಗಮನವನ್ನು ಸೆಳೆಯುತ್ತದೆ. ಅಮೆರಿಕದ ಚಾಪೆಲ್ ಹಿಲ್‌ನಲ್ಲಿ 1968ರ ಚುನಾವಣೆಯ ವೇಳೆ ಮತದಾರರನ್ನು ಮಾತನಾಡಿಸಿದ ಮಾಧ್ಯಮ ಸಂಶೋಧಕರಾದ ಮ್ಯಾಕ್ಸ್‌ವೆಲ್ ಮೆಕೂಂಬ್ಸ್ ಮತ್ತು ಡೊನಾಲ್ಡ್ ಶಾ, ಮಾಧ್ಯಮಗಳು ಹೆಚ್ಚು ಒತ್ತು ಕೊಟ್ಟ ಸಂಗತಿಗಳನ್ನೇ ಜನರೂ ಮುಖ್ಯವೆಂದು ಎಣಿಸುತ್ತಿದ್ದುದನ್ನು ಕಂಡುಕೊಂಡು 1972ರಲ್ಲಿ ಪ್ರಕಟಿಸಿದರು. ಅವರು ಅಧ್ಯಯನ ಮಾಡಿದ್ದು ಮತದಾರರನ್ನು. ಟೊಮೆಟೊ ವಿಷಯದಲ್ಲಿ ಸುದ್ದಿ ನೋಡುವವರ ನಡುವೆ ಬೆಳೆಯುವವರೂ ಕುಳಿತಿದ್ದಾರೆ ಎಂಬುದು ಇನ್ನೂ ದೊಡ್ಡ ತೊಡಕು.

ಆ ತೊಡಕು ಎಷ್ಟೆಂಬುದು 2023ರ ಜುಲೈನಲ್ಲಿ ಕಣ್ಣಿಗೆ ಕಾಣುವಂತಾಯಿತು. ಬೇಸಿಗೆಯಲ್ಲಿ ಬಿಳಿನೊಣದ ಕಾಟದಿಂದ ಎಲೆ ಮುದುಡು ರೋಗ ಕೋಲಾರದ ತೋಟಗಳಿಗೆ ಹಬ್ಬಿತ್ತು. ಗಿಡ ಮೂರಡಿ ಏಳುವ ಮೊದಲೇ ಚಿಗುರು ಸುರುಟಿಕೊಂಡು ಹೂವು ಉದುರುತ್ತಿತ್ತು. ಇಳುವರಿ ಕುಸಿದು ಮಾರುಕಟ್ಟೆಗೆ ಆವಕ ಕಡಿಮೆಯಾದಂತೆ 15 ಕಿಲೋ ಬಾಕ್ಸಿನ ದರ ₹2,000 ದಾಟಿತು. ಆ ದಿನಗಳ ಒಂದು ಬೆಳಿಗ್ಗೆ ನಾನು ಮಂಡಿಯಲ್ಲಿದ್ದೆ. ಹರಾಜು ಕೂಗುವವರು ಒಂದು ಬಾಕ್ಸ್ ತೆಗೆದು ತೋರಿಸಿದರು. ಗಟ್ಟಿಯಾಗಿ, ಒಂದೇ ಗಾತ್ರದಲ್ಲಿ, ಹೊಳೆಯುತ್ತಿದ್ದ ಆ ಹಣ್ಣಿಗೆ ದಿನದ ಗರಿಷ್ಠ ಬೆಲೆ ಬಿತ್ತು. ಪಕ್ಕದ ಸಾಲಿನಲ್ಲಿ ರೋಗದ ತೋಟದಿಂದ ಬಂದ ಸಣ್ಣ, ಚುಕ್ಕೆ ಬಿದ್ದ ಹಣ್ಣು ಅದರ ಅರ್ಧ ಬೆಲೆಯನ್ನೂ ಕಾಣಲಿಲ್ಲ. ಆ ಲಾಟ್‌ನ ಮಾಲೀಕ ಕೈಯಲ್ಲಿ ಚೀಟಿ ಹಿಡಿದುಕೊಂಡು ಬಹಳ ಹೊತ್ತು ಅಲ್ಲಿಯೇ ನಿಂತಿದ್ದರು. ಸಂಜೆಯ ಸುದ್ದಿಯಲ್ಲಿ ಬಂದದ್ದು ಮೊದಲನೆಯ ಅಂಕಿ ಮಾತ್ರ.

ಆ ಒಂದು ಅಂಕಿ ಊರೂರು ಸುತ್ತಿತು. ಟೊಮೆಟೊ ಬೆಳೆದವರೆಲ್ಲ ಲಕ್ಷಾಧಿಪತಿಗಳಾದರೆಂಬ ವರದಿಗಳು ಬಂದವು. ರೋಗ ಬಂದು ತೋಟ ಕಿತ್ತುಹಾಕಿದವರ ಮನೆಗೂ ಸಾಲ ಕೊಟ್ಟವರು ‘ಈಗಲಾದರೂ ತೀರಿಸಿ’ ಎಂದು ಬಂದುದನ್ನು ನಾನು ಕೇಳಿದ್ದೇನೆ. ಹೊಲದಿಂದ, ವಾಹನಗಳಿಂದ ಟೊಮೆಟೊ ಕದ್ದ ಪ್ರಕರಣಗಳು ರಾಜ್ಯದಲ್ಲಿ ದಾಖಲಾದವು, ರೈತರು ರಾತ್ರಿ ತೋಟ ಕಾಯತೊಡಗಿದರು. ಅದೇ ತಿಂಗಳ ಮಧ್ಯದಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಗ್ರಾಹಕ ಸಹಕಾರ ಒಕ್ಕೂಟದ (ಎನ್‌ಸಿಸಿಎಫ್) ಮೂಲಕ ದೆಹಲಿ ಮೊದಲಾದ ಕಡೆ ಕಿಲೋಗೆ ₹90ರಂತೆ ರಿಯಾಯಿತಿ ಮಾರಾಟ ಆರಂಭಿಸಿ, ಮುಂದೆ ದರವನ್ನು ₹80ಕ್ಕೂ ₹70ಕ್ಕೂ ಇಳಿಸಿತು. ಆಗಸ್ಟ್‌ನಲ್ಲಿ ನೇಪಾಳದಿಂದ ಆಮದೂ ಆಯಿತು. ಗ್ರಾಹಕರ ಕಷ್ಟಕ್ಕೆ ಸ್ಪಂದಿಸಿದ್ದರಲ್ಲಿ ತಪ್ಪಿಲ್ಲ. ಸೆಪ್ಟೆಂಬರ್ ಹೊತ್ತಿಗೆ ದರ ಕುಸಿದಾಗ ಅದೇ ತರಾತುರಿ ಪರದೆಯ ಮೇಲೂ ಇರಲಿಲ್ಲ, ಕಚೇರಿಗಳಲ್ಲಿಯೂ ಇರಲಿಲ್ಲ ಎಂಬುದನ್ನು ಮಾತ್ರ ಹೇಳದೆ ಇರಲಾಗದು. ಬೆಲೆ ಬಿದ್ದಾಗ ನೆರವಾಗಲೆಂದೇ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆ ಇದೆ; ಅದರ ಹೆಸರನ್ನು ಶೀರ್ಷಿಕೆಯಲ್ಲಿ ಕಾಣುವುದು ಅಪರೂಪ.

ಕುಸಿತಕ್ಕೂ ಸುದ್ದಿಗೂ ನಂಟಿದೆ. ಸಸಿ ನಾಟಿ ಮಾಡಿದ ಎರಡು, ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು ಬರುತ್ತದೆ. ಜುಲೈನ ಬೆಲೆ ಕೇಳಿ ನಾಟಿ ಮಾಡಿದವರ ಹಣ್ಣೆಲ್ಲ ಒಟ್ಟಿಗೆ ಮಂಡಿಗೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಇಂದಿನ ಬೆಲೆ ನಾಳಿನ ಬಿತ್ತನೆಯನ್ನೂ, ಆ ಬಿತ್ತನೆ ಮುಂದಿನ ಬೆಲೆಯನ್ನೂ ಎಳೆದಾಡುವ ಈ ಸುತ್ತಿಗೆ ಅರ್ಥಶಾಸ್ತ್ರಜ್ಞರು 1930ರ ದಶಕದಲ್ಲಿಯೇ ಜೇಡರ ಬಲೆಯ ಹೆಸರು ಕೊಟ್ಟಿದ್ದರು. ಆಗ ಬೆಲೆಯ ಮಾತು ಸಂತೆಯಿಂದ ಊರಿಗೆ ನಿಧಾನವಾಗಿ ನಡೆದು ಬರುತ್ತಿತ್ತು. ಈಗ ಮುಳಬಾಗಿಲು, ಚಿಂತಾಮಣಿ, ಗಡಿಯಾಚೆಯ ಮದನಪಲ್ಲಿಯ ರೈತರೆಲ್ಲರೂ ಅದನ್ನು ಒಂದೇ ರಾತ್ರಿ ಕೇಳುತ್ತಾರೆ.

ಹಣ್ಣು ಸುರಿಯುವ ಚಿತ್ರದ ಬಗ್ಗೆಯೂ ಒಂದು ಮಾತು. ಕೆಲವು ವರ್ಷಗಳ ಹಿಂದೆ ಹೆದ್ದಾರಿ ಬದಿಯಲ್ಲಿ ರೈತರೊಬ್ಬರು ಹಣ್ಣು ಸುರಿದು ಮುಗಿಸಿದ ಮೇಲೆ ಕ್ಯಾಮೆರಾ ತಂಡವೊಂದು ಬಂದಿತು. ಇನ್ನೊಂದು ಬಾಕ್ಸ್ ಸುರಿಯುವಿರಾ ಎಂದು ಕೇಳಿದಾಗ ಅವರು ಮರುಮಾತಾಡದೆ, ಮನೆಗೆಂದು ಎತ್ತಿಟ್ಟಿದ್ದ ಬಾಕ್ಸನ್ನು ತಂದು ಸುರಿದರು. ದೃಶ್ಯ ಸುಳ್ಳಾಗಿರಲಿಲ್ಲ, ನಷ್ಟವೂ ಸುಳ್ಳಾಗಿರಲಿಲ್ಲ. ಆದರೆ ಕೀಳುವ ಕೂಲಿ, ಸಾಗಣೆ, ಕಮಿಷನ್, ಗಿಡ ನಿಲ್ಲಿಸಿದ ಕಡ್ಡಿ ಮತ್ತು ದಾರದ ಖರ್ಚು ಎಷ್ಟೆಂದು ಅವರನ್ನು ಯಾರೂ ಕೇಳಲಿಲ್ಲ. ಗ್ರಾಹಕ ಟೊಮೆಟೊಗೆ ಕೊಡುವ ಒಂದು ರೂಪಾಯಿಯಲ್ಲಿ ರೈತನಿಗೆ ಸುಮಾರು 33 ಪೈಸೆ ಸೇರುತ್ತದೆಂದು ರಿಸರ್ವ್ ಬ್ಯಾಂಕ್ ಪ್ರಕಟಿಸಿದ ಅಧ್ಯಯನವೊಂದು 2024ರಲ್ಲಿ ಹೇಳಿತು. ಉಳಿದ 67 ಪೈಸೆಯ ದಾರಿಯನ್ನು ತೋರಿಸಲು ಒಂದೇ ಒಂದು ಚಿತ್ರ ಸಾಲದು. ಆ ಸುದ್ದಿ ಹಿಂದೆ ಬೀಳುವುದಕ್ಕೆ ಇದೂ ಒಂದು ಕಾರಣವಿರಬೇಕು.

ಈಗ ಮಂಡಿಯ ದರ ಬೆಳಿಗ್ಗೆಯೇ ವಾಟ್ಸ್‌ಆ್ಯಪ್ ಗುಂಪುಗಳಿಗೆ, ಯೂಟ್ಯೂಬ್‌ಗೆ ಬಂದುಬಿಡುತ್ತದೆ, ಅದೂ ಬಾಕ್ಸ್ ಲೆಕ್ಕದಲ್ಲಿಯೇ. ರೈತರು ಟಿವಿಗೆ ಕಾಯುವುದಿಲ್ಲ. ಇದು ಒಳ್ಳೆಯ ಬದಲಾವಣೆ, ಆದರೂ ಆ ವಿಡಿಯೋಗಳಲ್ಲಿ ದೊಡ್ಡದಾಗಿ ಬರೆದಿರುವುದು ಮತ್ತೆ ಗರಿಷ್ಠ ದರವೇ. ಮುಂದಿನ ಬೆಲೆಯ ಸುಳಿವು ಇರುವುದು ಮಂಡಿಯಲ್ಲಲ್ಲ, ನರ್ಸರಿಗಳಲ್ಲಿ. ಈ ವಾರ ಎಷ್ಟು ಟ್ರೇ ಸಸಿ ಯಾವ ಹೋಬಳಿಗೆ ಹೋಯಿತು ಎಂಬುದು ಅಲ್ಲಿನ ಲೆಕ್ಕದ ಪುಸ್ತಕದಲ್ಲಿ ಬರೆದಿರುತ್ತದೆ, ಅದನ್ನು ಕೂಡಿಸಿ ನೋಡಿದರೆ ಎಪ್ಪತ್ತು ದಿನಗಳ ಮುಂದಿನ ಆವಕ ಸ್ಥೂಲವಾಗಿ ಗೊತ್ತಾಗುತ್ತದೆ. ಆ ಪುಸ್ತಕವನ್ನು ಕೇಳಿಕೊಂಡು ಬಂದ ವರದಿಗಾರರನ್ನು ನಾನಂತೂ ಇದುವರೆಗೆ ಕಂಡಿಲ್ಲ.