ಎರಡು ನಿಮಿಷದ ಸಿಗಡಿಗೆ ಅಷ್ಟು ದುಡ್ಡೇಕೆ?

ಪ್ರಶ್ನೆ: ಚೀನಾದ ಚಿತ್ರಕಾರ ಚಿ ಬೈಶಿ ನಾಲ್ಕು ಗೀಟೆಳೆದು ಎರಡೇ ನಿಮಿಷದಲ್ಲಿ ಸಿಗಡಿ ಬಿಡಿಸುತ್ತಿದ್ದರಂತೆ. ಅಂಥ ಚಿತ್ರಕ್ಕೆ ಕೋಟಿಗಟ್ಟಲೆ ಬೆಲೆ ಏಕೆ?

ಉತ್ತರ: ಎಷ್ಟು ಸಲ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಬೆಲೆಯ ಮಾತನ್ನು ಮೊದಲು ಮುಗಿಸೋಣ. 2017ರ ಡಿಸೆಂಬರಿನಲ್ಲಿ ಬೀಜಿಂಗ್ ಹರಾಜಿನಲ್ಲಿ 93.15 ಕೋಟಿ ಯುವಾನ್‌ಗೆ ಹೋದದ್ದು ಸಿಗಡಿಯಲ್ಲ. 1925ರಲ್ಲಿ ಅವರು ಬರೆದ 12 ಭೂದೃಶ್ಯಗಳ ಸರಣಿ.

ಇನ್ನು ಆ ಎರಡು ನಿಮಿಷ. ಚಿ ಹುಟ್ಟಿದ್ದು 1864ರಲ್ಲಿ, ಹುನಾನ್ ಪ್ರಾಂತ್ಯದ ಬಡ ರೈತರ ಮನೆಯಲ್ಲಿ. ಹದಿಹರೆಯದಲ್ಲೇ ಬಡಗಿ ಕೆಲಸಕ್ಕೆ ಸೇರಿ, ಆಮೇಲೆ ಮರದ ಕೆತ್ತನೆ ಕಲಿತರು. ಇಪ್ಪತ್ತರ ಹೊತ್ತಿಗೆ ಚಿತ್ರ ಕಲಿಸುವ ಹಳೆಯ ಪುಸ್ತಕವೊಂದು ಎರವಲು ಸಿಕ್ಕಿತು. ಹಗಲೆಲ್ಲ ದುಡಿದು, ರಾತ್ರಿ ದೀಪದ ಮುಂದೆ ತೆಳು ಕಾಗದವಿಟ್ಟು ಪುಟಪುಟವನ್ನೂ ನಕಲು ಮಾಡಿಕೊಂಡರು. ಅದಕ್ಕೇ ಅರ್ಧ ವರ್ಷ ಹಿಡಿಯಿತು. ಸಿಗಡಿಯ ಬೆನ್ನು ಹತ್ತಿದ್ದು ಅರವತ್ತರ ಆಸುಪಾಸಿನಲ್ಲಿ, ಬೀಜಿಂಗ್‌ನಲ್ಲಿ ನೆಲೆಸಿದ ಮೇಲೆ. ಮೇಜಿನ ಮೇಲಿನ ಬಟ್ಟಲಲ್ಲಿ ಜೀವಂತ ಸಿಗಡಿ ಬಿಟ್ಟುಕೊಂಡು ನೋಡುತ್ತಿದ್ದರು. ಚಿತ್ರದಲ್ಲಿ ಹೊಟ್ಟೆಯಡಿಯ ಕಾಲುಗಳು ಮೊದಲು ಹತ್ತು ಇದ್ದವು. ಎಂಟಾದವು, ಆರಾದವು, ಎಪ್ಪತ್ತು ದಾಟಿದ ಮೇಲೆ ಐದಕ್ಕೆ ನಿಂತವು. ಏನನ್ನು ಬಿಡಬಹುದು ಎಂದು ತಿಳಿಯಲೇ ಅಷ್ಟು ವರ್ಷ ಬೇಕಾಯಿತು.

‘ನಾಲ್ಕು ಗೀಟು’ ಎನ್ನುವವರು ಒಮ್ಮೆ ಕುಂಚ ಹಿಡಿದು ನೋಡಲಿ. ಕಾಗದ ಅಂಟು ಬಳಿಯದ, ಮಸಿ ಹೀರುವ ಷುವಾನ್ ಕಾಗದವೇ ಆಗಬೇಕು. ಮೆತ್ತನೆಯ ಕುಂಚದಲ್ಲಿ ತೆಳು ಮಸಿ ತುಂಬಿ ತಲೆಯ ಭಾಗ ಹಾಕಿ, ಅದು ಹಸಿಯಿರುವಾಗಲೇ ದಟ್ಟ ಮಸಿಯ ಒಂದು ಗೆರೆ ಮುಟ್ಟಿಸಬೇಕು. ಆಗ ಕಪ್ಪು ಒಳಗೇ ಹಬ್ಬಿ, ಪಾರದರ್ಶಕ ಚಿಪ್ಪಿನೊಳಗಿನ ಒಡಲಿನಂತೆ ಕಾಣುತ್ತದೆ. ತಡವಾದರೆ ಕಪ್ಪು ಹಬ್ಬದೆ ಮೇಲೆ ಕೂತ ಕಲೆಯಾಗುತ್ತದೆ. ನೀರು ಹೆಚ್ಚಾದರೆ ತಲೆಯೇ ಊದಿಕೊಳ್ಳುತ್ತದೆ. ಮೈಯ ಒಂದೊಂದು ಖಂಡಕ್ಕೂ ಒಂದೊಂದು ಒತ್ತು. ಪಕ್ಕಪಕ್ಕದ ಒತ್ತುಗಳು ಸೇರುವಲ್ಲಿ ಕಾಗದವೇ ಒಂದು ತಿಳಿಗೆರೆ ಉಳಿಸುತ್ತದೆ, ಚಿಪ್ಪಿನ ಮಡಿಕೆ ಅದೇ. ಅಳಿಸಿ ತಿದ್ದುವಂತಿಲ್ಲ. ಉದ್ದ ಮೀಸೆಯನ್ನು ಬೆರಳಿನಿಂದ ಎಳೆದರೆ ತಂತಿಯಾಗುತ್ತದೆ. ತೋಳೇ ಚಲಿಸಬೇಕು, ಅದೂ ನಿಧಾನವಾಗಿ. ಹೌದು, ನಿಧಾನವಾಗಿ: ಚಿ ಅವರ ಕುಂಚ ಬಹಳ ಮೆಲ್ಲಗೆ ಸಾಗುತ್ತಿತ್ತೆಂದು ಅವರ ಶಿಷ್ಯ, ಸ್ವತಃ ದೊಡ್ಡ ಚಿತ್ರಕಾರ ಲಿ ಕೆರಾನ್ ನೆನಪಿಸಿಕೊಂಡಿದ್ದಾರೆ. ಹಾಗಿರುವಾಗ ವೇಗದ ಕತೆಗೆ ಆಧಾರವೆಲ್ಲಿ?

ಸಿಗಡಿಯನ್ನು ಕೇಳುವವರು ಕೀಟಗಳನ್ನು ಕೇಳುವುದೇ ಇಲ್ಲ. ನನಗೆ ಅವೇ ಹೆಚ್ಚು ಇಷ್ಟ. ದಪ್ಪ ಕುಂಚದ ದೊಡ್ಡ ಎಲೆಗಳ ನಡುವೆ ರೆಕ್ಕೆಯ ನರವೂ ಎಣಿಸಬಹುದಾದ ಕೊಡತಿಹುಳ, ಮಿಡತೆ. ವಯಸ್ಸಾದಂತೆ ಕಣ್ಣು ಮಂದವಾಗುತ್ತದೆಂದು ತಿಳಿದ ಚಿ, ಕೈ ಕಣ್ಣು ಗಟ್ಟಿಯಿದ್ದಾಗಲೇ ಖಾಲಿ ಹಾಳೆಗಳ ಮೇಲೆ ಬರೀ ಕೀಟಗಳನ್ನು ಬರೆದು ಎತ್ತಿಟ್ಟರು. ಗಿಡ, ಹೂವು, ಸಹಿ ಎಲ್ಲ ಆಮೇಲೆ ಬರುತ್ತಿದ್ದವು. 1957ರಲ್ಲಿ ಅವರು ತೀರಿಕೊಂಡಾಗ ಗಿಡ ಕಾಣದ ಹಾಳೆಗಳು ಹಾಗೇ ಉಳಿದಿದ್ದವು. ಅಂಥವು ಬೀಜಿಂಗ್ ಚಿತ್ರಕಲಾ ಅಕಾಡೆಮಿಯ ಸಂಗ್ರಹದಲ್ಲಿವೆ. ಆದ್ದರಿಂದ ಅವರ ಇಳಿವಯಸ್ಸಿನ ಸಹಿಯಿರುವ ಚಿತ್ರದಲ್ಲಿ ತೀರಾ ನವಿರಾದ ಕೀಟ ಕಂಡರೆ, ಅದು ಪಕ್ಕದ ಎಲೆಗಿಂತ ಎಷ್ಟೋ ವರ್ಷ ಹಿರಿಯದಿರಬಹುದು.