ವಕೀಲರ ಆಫೀಸು ಮನೆಗೆ ಬಂದಾಗ ಫೈಲು ಎಲ್ಲಿತ್ತು?

ಕೋವಿಡ್ ಕಾಲದಲ್ಲಿ ವಕೀಲರು ಮನೆಯಿಂದ ಕೆಲಸ ಮಾಡಿದರು ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ವಿಡಿಯೋ ಕಲಾಪ. ಸುಪ್ರೀಂ ಕೋರ್ಟು 2020ರ ಏಪ್ರಿಲ್ 6ರ ಆದೇಶದಲ್ಲಿ ಅದಕ್ಕೆ ದಾರಿ ಮಾಡಿಕೊಟ್ಟಿತು. ಮೊಬೈಲ್ ನೆಟ್ಟಗೆ ಹಿಡಿಯುವುದು, ಮ್ಯೂಟ್ ತೆಗೆಯುವುದು ಎಲ್ಲರೂ ಕಲಿತರು. ನನ್ನ ಪ್ರಕಾರ ಅದು ಸುಲಭದ ಕೆಲಸ. ಕಷ್ಟ ಇದ್ದದ್ದು ಫೈಲಿನದು, ಅದಕ್ಕಿಂತ ಜಾಸ್ತಿ ಡೈರಿಯದು.

ಹುಬ್ಬಳ್ಳಿ-ಧಾರವಾಡದಲ್ಲಿ ಲಾ ಫರ್ಮ್ ಅಂದರೆ ಸಾಮಾನ್ಯವಾಗಿ ಒಬ್ಬ ಸೀನಿಯರ್, ಕೆಲವು ಜ್ಯೂನಿಯರ್‌ಗಳು, ಒಬ್ಬ ಟೈಪಿಸ್ಟ್, ಮತ್ತೆ ಎಲ್ಲ ಬಲ್ಲ ಒಬ್ಬ ಗುಮಾಸ್ತರು. ಯಾವ ಫೈಲು ಯಾವ ಕಪಾಟಿನಲ್ಲಿದೆ, ಯಾರ ಕೈಫಿಯತ್ತು (ದಾವೆಗೆ ಕೊಡುವ ಲಿಖಿತ ಉತ್ತರ) ಬಾಕಿ ಇದೆ ಎಂಬುದೆಲ್ಲ ಅವರ ತಲೆಯಲ್ಲಿ. ತಾರೀಖು ಬರೆಯುವ ಡೈರಿ ಒಂದೇ, ಅದೂ ಸೀನಿಯರ್ ಟೇಬಲ್ ಮೇಲೆ. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಆಯಿತು. ಗುಮಾಸ್ತರು ಕುಂದಗೋಳದ ಕಡೆ ತಮ್ಮ ಊರಲ್ಲಿ, ಡೈರಿ ಬೀಗದ ಒಳಗೆ. ಮುಂದೆ?

ಕೋರ್ಟಿನಲ್ಲಿ ದಾಖಲಾದ ಕೇಸುಗಳ ತಾರೀಖು ಸಿಕ್ಕೇ ಸಿಗುತ್ತದೆ. ಒಂದೊಂದು ಕೇಸಿಗೂ ಸಿಎನ್‌ಆರ್ ಎಂಬ, 16 ಅಕ್ಷರ-ಅಂಕಿಗಳ ಗುರುತಿನ ನಂಬರ್ ಇರುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಸಾಕು. ಆದರೆ ಇನ್ನೂ ದಾಖಲಾಗದ ಕೇಸು ಯಾವ ಆ್ಯಪ್‌ಗೂ ಗೊತ್ತಿರುವುದಿಲ್ಲ. ಅಪಾಯ ಇರುವುದು ಅಲ್ಲಿ.

ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಬೌನ್ಸ್ ಆದ ಚೆಕ್ ಹಿಡಿದು ಬಂದಿದ್ದಾರೆ ಎಂದುಕೊಳ್ಳಿ. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ತಲುಪಿ 15 ದಿನದಲ್ಲಿ ಹಣ ಬರದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ದೂರು. ದೂರು ತಡವಾದರೆ ಸರಿಯಾದ ಕಾರಣ ತೋರಿಸಿ ಕೋರ್ಟನ್ನು ಕೇಳಿಕೊಳ್ಳಬಹುದು. ನೋಟಿಸೇ ತಡವಾದರೆ ಆ ಅವಕಾಶವಿಲ್ಲ. ಚೆಕ್ಕನ್ನು ಅದರ ಅವಧಿಯೊಳಗೆ ಇನ್ನೊಮ್ಮೆ ಬ್ಯಾಂಕಿಗೆ ಹಾಕಲು ಆದರೆ ಸರಿ, ಇಲ್ಲದಿದ್ದರೆ ಚೆಕ್ ಬೌನ್ಸನ್ನು ಅಪರಾಧ ಎನ್ನುವ 138ನೇ ಕಲಮಿನ ದಾರಿ ಕೈತಪ್ಪಿದ ಹಾಗೆ.

ಕೋವಿಡ್‌ನಲ್ಲಿ ಸುಪ್ರೀಂ ಕೋರ್ಟು ಕೈಹಿಡಿಯಿತು. 2020ರ ಮಾರ್ಚ್ 15ರಿಂದ ಕೇಸು ಹಾಕುವ ಕಾಲಮಿತಿಯನ್ನು ವಿಸ್ತರಿಸಿತು. 138ನೇ ಕಲಮಿಗೂ ಅದು ಅನ್ವಯ ಎಂದು ಮೇ 6ರಂದು ಸ್ಪಷ್ಟಪಡಿಸಿತು. ಕೊನೆಗೆ 2022ರ ಜನವರಿ 10ರ ಆದೇಶದಲ್ಲಿ, 2022ರ ಫೆಬ್ರವರಿ 28ರವರೆಗಿನ ಅಷ್ಟೂ ಅವಧಿಯನ್ನು ಲೆಕ್ಕದಿಂದ ಬಿಟ್ಟಿತು. ಒಂದು ಮಾತು: ಮಾರ್ಚ್ 23ರ ಮೊದಲ ಆದೇಶ ಬರುವ ಮೊದಲು ಅದು ಬರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಮುಂದಿನ ಸಲ ಬರುತ್ತದೆ ಎಂದು ನಂಬಿ ಕೂರುವುದು ಬೇಡ. ದಾಖಲಾಗದ ಕೇಸುಗಳ ಕೊನೆಯ ದಿನಾಂಕಗಳು ಮೂರು ಜನರ ಮೊಬೈಲ್‌ನಲ್ಲಾದರೂ ಇರಲಿ. ಕಪಾಟಿನ ಪಟ್ಟಿ ಗುಮಾಸ್ತರ ತಲೆಯಿಂದ ಕಾಗದಕ್ಕೆ ಇಳಿಯಲಿ. ಅವರು ಸ್ವಲ್ಪ ಮುನಿಸಿಕೊಂಡಾರು, ಪರವಾಗಿಲ್ಲ.

ಇನ್ನು ಕನ್ನಡ ಟೈಪಿಂಗಿನ ನುಡಿ ಫಾಂಟು. ನಮ್ಮ ಟೈಪಿಸ್ಟ್‌ಗಳು ಹಳೆಯ ನುಡಿಯಲ್ಲಿ ಹೊಡೆದ ದಾವೆ ಜ್ಯೂನಿಯರ್ ಮೊಬೈಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆದುಕೊಳ್ಳುತ್ತದೆ. ಓದಲು ಪಿಡಿಎಫ್ ಕಳಿಸಿ, ತಿದ್ದಲು ಎಲ್ಲ ಮೊಬೈಲ್‌ನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಿಸಿ ಕಳಿಸಿ. ಹೊಸ ಡ್ರಾಫ್ಟ್‌ಗಳನ್ನು ಮೊದಲೇ ಯೂನಿಕೋಡ್‌ನಲ್ಲಿ ಹೊಡೆಯುವ ಅಭ್ಯಾಸ ಮಾಡಿಸಿದರೆ ಈ ರಗಳೆಯೇ ಇಲ್ಲ.

ಸಹಿ ಮಾತ್ರ ಸುಲಭಕ್ಕೆ ಬಗೆಹರಿಯುವುದಲ್ಲ. ವಕೀಲರನ್ನು ನೇಮಿಸುವ ವಕಾಲತ್ತಿಗೆ ಕಕ್ಷಿದಾರರ ಸಹಿ ಬೇಕು. ಅಫಿಡವಿಟ್ಟಿಗೆ ನೋಟರಿ ಅಥವಾ ಓಥ್ ಕಮಿಷನರ್ ಬೇಕು. ರೋಣದ ರೈತರು ಜಮೀನಿನ ಉತಾರದ (ಪಹಣಿಯ) ಫೋಟೋವನ್ನು ಮೊಮ್ಮಗನ ವಾಟ್ಸ್‌ಆ್ಯಪ್‌ನಿಂದ ಕಳಿಸಬಹುದು, ಸಹಿ ಹಾಗೆ ಬರುವುದಿಲ್ಲ. ಅದಕ್ಕೆಂದು ಖಾಲಿ ಕಾಗದದ ಮೇಲೆ ಮುಂಚೆಯೇ ಸಹಿ ಹಾಕಿಸಿ ಇಟ್ಟುಕೊಳ್ಳುವ ಹಳೆಯ ಚಟ ಕೆಲವು ಕಡೆ ಇದೆ. ದಯವಿಟ್ಟು ಬೇಡ. ಕಕ್ಷಿದಾರರೂ ಕೊಡಬಾರದು. ಹತ್ತಿರದ ತಾಲೂಕಿನಲ್ಲಿ ಒಬ್ಬ ವಕೀಲ ಮಿತ್ರರನ್ನು ಗೊತ್ತು ಮಾಡಿಕೊಂಡು, ಅವರ ಎದುರಿಗೇ ಸಹಿ ಮಾಡಿಸಿ ಮೂಲ ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ತರಿಸುವುದು ಮೇಲು.

ಮೊಮ್ಮಗನ ಫೋನ್ ಎಂದೆನಲ್ಲ, ಅಲ್ಲೊಂದು ತೊಡಕಿದೆ. ಕಕ್ಷಿದಾರರು ಹೇಳಿದ್ದನ್ನು ವಕೀಲರು ಹೊರಗೆ ಹೇಳುವಂತಿಲ್ಲ. ಆ ಕಟ್ಟು ಗುಮಾಸ್ತರಿಗೂ ಇದೆ, ಆದರೆ ಕಕ್ಷಿದಾರರ ಮನೆಯವರಿಗಿಲ್ಲ. ಪಾಲು ವಾಟಣಿಯ ದಾವೆಯಲ್ಲಿ ಆ ಮೊಮ್ಮಗನ ಅಪ್ಪನೇ ಎದುರಾಳಿ ಆಗಿರಬಹುದು, ಅಲ್ವಾ? ಹಾಗಾಗಿ ಕಾಗದ ತರಿಸಿಕೊಳ್ಳುವ ಮೊದಲು ಫೋನ್ ಯಾರದ್ದು ಎಂದು ಕೇಳಿ. ಕೇಸಿನ ಒಳಮಾತು ಇದ್ದರೆ, ಫೋನನ್ನು ಅಜ್ಜನ ಕೈಗೇ ಕೊಡಿಸಿ ಮಾತಾಡಿ.