ಎಂಟರ್ ಹೊಡೆದವರು ಒತ್ತಿದ್ದು ಯಾವ ಬಟನ್?

"ಸರ, ನಾ ಏನೂ ಮಾಡಿಲ್ರಿ. ಹೆಸರು ತಿದ್ದಿದೆ, ಎಂಟರ್ ಹೊಡದೆ, ಅಷ್ಟ. ಅರ್ಜಿನ ಮಾಯ ಆತ ನೋಡ್ರಿ."

ಧಾರವಾಡದ ಕಡೆಯ ಒಂದು ಸಹಕಾರ ಸಂಘದಿಂದ ಬಂದ ಫೋನು. ಮಾತಾಡುತ್ತಿದ್ದ ಕ್ಲರ್ಕ್ ಮೇಡಂ ಹತ್ತು ವರ್ಷ ಟ್ಯಾಲಿಯಲ್ಲಿ ಲೆಕ್ಕ ಬರೆದವರು. ಟ್ಯಾಲಿಯಲ್ಲಿ ಎಂಟರ್ ಒತ್ತಿದರೆ ಕರ್ಸರ್ ಮುಂದಿನ ಖಾನೆಗೆ ಹೋಗುತ್ತದೆ. ಅವರ ಬೆರಳು ಕಲಿತದ್ದು ಅದನ್ನೇ. ನಾವು ಮಾಡಿಕೊಟ್ಟಿದ್ದ ಬೆಳೆಸಾಲದ ವೆಬ್ ಫಾರ್ಮ್‌ನಲ್ಲಿ ಸದಸ್ಯರೊಬ್ಬರ ಹೆಸರಿನ ಕಾಗುಣಿತ ಸರಿಮಾಡಿ, ಅಭ್ಯಾಸಬಲದಿಂದ ಎಂಟರ್ ಹೊಡೆದಿದ್ದಾರೆ. ಅರ್ಜಿ ಆ ಕ್ಷಣವೇ ವಾಪಸ್ ಪಡೆದ ಅರ್ಜಿಗಳ ಪಟ್ಟಿಗೆ ಹೋಗಿ ಕೂತಿದೆ.

"ನೀವೇ ಹಿಂಪಡೆಯಿರಿ ಬಟನ್ ಒತ್ತಿರಬೇಕು ಮೇಡಂ" ಎಂದ ನಮ್ಮ ಹುಡುಗ. ಮೌಸ್ ಮುಟ್ಟೇ ಇಲ್ಲ ಎಂದರು ಅವರು. ಒಂದು ಲೆಕ್ಕದಲ್ಲಿ ಇಬ್ಬರದ್ದೂ ನಿಜ. ಅದು ಹೇಗೆಂದು ಹೇಳುವ ಮೊದಲು ಇನ್ನೊಂದು ಸಿಟ್ಟು ಹೊರಹಾಕಬೇಕಿದೆ.

ಹದಿನೆಂಟು ವರ್ಷಗಳಿಂದ ಫಾರ್ಮ್‌ಗಳನ್ನು ಕಟ್ಟುತ್ತಾ, ಬೇರೆಯವರು ಕಟ್ಟಿದ್ದನ್ನು ರಿಪೇರಿ ಮಾಡುತ್ತಾ ಬಂದಿದ್ದೇನೆ. ಪ್ರತಿ ಪ್ರಾಜೆಕ್ಟ್‌ನಲ್ಲೂ ಕೇಳುವ ಒಂದು ಮಾತು: "ಫಾರ್ಮ್‌ಗೆ ವ್ಯಾಲಿಡೇಶನ್ ಹಾಕಿದ್ದೀವಿ ಸರ್." ತುಂಬಿದ್ದು ಸರಿಯಿದೆಯೇ ಎಂದು ನೋಡುವ ಪರೀಕ್ಷೆ ಅದು. ಫಾರ್ಮ್‌ಗೆ ಹಾಕಿದ್ದೀರಿ, ಸರಿ. ಯಾವ ಬಟನ್‌ಗೆ? ಈ ಪ್ರಶ್ನೆಗೆ ಎದುರಿನವರು ನನ್ನನ್ನು ತಲೆಕೆಟ್ಟವನೆಂಬಂತೆ ನೋಡುತ್ತಾರೆ. ಫಾರ್ಮ್ ಒಂದು, ವ್ಯಾಲಿಡೇಶನ್ ಒಂದು, ಬಟನ್ ಎಷ್ಟಿದ್ದರೇನು ಎನ್ನುವುದು ಅವರ ಲೆಕ್ಕ.

ತಾಲ್ಲೂಕು ಕಚೇರಿಯ ಟಪಾಲು ಕಿಟಕಿಯನ್ನು ನೆನೆಸಿಕೊಳ್ಳಿ. ಅರ್ಧ ತುಂಬಿದ ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಮನೆಗೆ ಹೊರಟವನನ್ನು ಯಾರಾದರೂ ತಡೆದು "ಪಹಣಿ ಎಲ್ಲಿ, ಫೋಟೋ ಎಲ್ಲಿ" ಎಂದು ಕೇಳುತ್ತಾರೆಯೇ? ಕಿಟಕಿಯೊಳಗೆ ಕೈ ಚಾಚಿ "ತಗೊಳ್ಳಿ ಸ್ವಾಮಿ" ಎಂದಾಗ ಕೇಳುತ್ತಾರೆ. ಹಾಳೆ ಅದೇ, ಆದರೆ ಅದನ್ನು ಹಿಡಿದವನ ಉದ್ದೇಶ ಬೇರೆ. ವೆಬ್ ಫಾರ್ಮ್‌ನಲ್ಲಿ ಆ ಉದ್ದೇಶ ತಿಳಿಯುವುದು ಬಟನ್‌ನಿಂದ ಮಾತ್ರ. 'ಡ್ರಾಫ್ಟ್ ಉಳಿಸಿ' ಎಂದರೆ ಚೀಲಕ್ಕೆ ಹಾಕಿಕೊಳ್ಳುವುದು, 'ಸಲ್ಲಿಸಿ' ಎಂದರೆ ಕಿಟಕಿಯೊಳಗೆ ಕೊಡುವುದು, 'ಹಿಂದೆ' ಎಂದರೆ ಸಾಲಿನಿಂದ ಆಚೆ ಬರುವುದು. ಮೂವರನ್ನೂ ಒಂದೇ ಪ್ರಶ್ನೆ ಕೇಳುವ ಫಾರ್ಮ್‌ಗಳು ನಮ್ಮಲ್ಲಿ ಎಷ್ಟು ಬೇಕಾದರೂ ಸಿಗುತ್ತವೆ. 'ಹಿಂದೆ' ಹೋಗಲು ಪಿನ್‌ಕೋಡ್ ಕಡ್ಡಾಯವಾಗಿದ್ದ ಫಾರ್ಮ್ ಒಂದನ್ನು ನಾನೇ ನೋಡಿದ್ದೇನೆ.

ಹಾಗೆ ಕೇಳಿದರೆ ಏನಾಗುತ್ತದೆ ಗೊತ್ತೇ? ಜನ ಸುಳ್ಳು ಹೇಳಲು ಕಲಿಯುತ್ತಾರೆ. ಅದೇ ಸಾಲದ ವ್ಯವಸ್ಥೆಯ ಮೊದಲ ಆವೃತ್ತಿಯಲ್ಲಿ ಡ್ರಾಫ್ಟ್ ಉಳಿಸಲೂ ಎಲ್ಲ ಖಾನೆ ತುಂಬಬೇಕಿತ್ತು. ರೈತ ಎದುರಿಗೆ ಕೂತಿದ್ದಾನೆ, ಬ್ಯಾಂಕ್ ಪಾಸ್‌ಬುಕ್ ಮನೆಯಲ್ಲಿದೆ, ಹಿಂದೆ ಹನ್ನೆರಡು ಜನ ಕಾಯುತ್ತಿದ್ದಾರೆ. ಆಪರೇಟರ್ ಏನು ಮಾಡಬೇಕು? ಮೊಬೈಲ್ ಖಾನೆಗೆ ಹತ್ತು ಒಂಬತ್ತುಗಳು, ತಂದೆಯ ಹೆಸರಿಗೆ ಒಂದು ಚುಕ್ಕೆ, ಪಿನ್‌ಕೋಡ್‌ಗೆ ಸಂಘದ್ದೇ ಪಿನ್‌ಕೋಡ್. ಆಧಾರ್ ಖಾನೆಯಲ್ಲಿ ನಾವು ಜಾಣರಾಗಿದ್ದೆವು. ಆಧಾರ್‌ನ 12ನೇ ಅಂಕಿ ಉಳಿದ ಹನ್ನೊಂದರಿಂದ ಲೆಕ್ಕಹಾಕಿ ಬರುವ ತಾಳೆ ಅಂಕಿ, ಸಂಖ್ಯೆ ಸೊನ್ನೆಯಿಂದಾಗಲಿ ಒಂದರಿಂದಾಗಲಿ ಶುರುವಾಗುವುದಿಲ್ಲ. ಇವೆರಡನ್ನೂ ಪರೀಕ್ಷಿಸುವ ಕೋಡ್ ಹಾಕಿದ್ದೆವು, ಬಾಯಿಗೆ ಬಂದ ಸಂಖ್ಯೆ ನಡೆಯುತ್ತಿರಲಿಲ್ಲ. ಆಪರೇಟರ್‌ಗಳು ತಾಳೆಯಾಗುವ ಸಂಖ್ಯೆಯನ್ನೇ ಹಾಕಿದರು: ತಮ್ಮದೇ ಆಧಾರ್. ಒಂದೇ ಸಂಖ್ಯೆಯ ಮೇಲೆ ಬೇರೆಬೇರೆ ಊರಿನ ರೈತರ ಡ್ರಾಫ್ಟ್‌ಗಳು ಬಿದ್ದಿದ್ದನ್ನು ಕಂಡಾಗ ನನಗೆ ಆಪರೇಟರ್‌ಗಳ ಮೇಲೆ ಸಿಟ್ಟು ಬರಲಿಲ್ಲ. ಸುಳ್ಳನ್ನು ಅವರ ಕೈಲಿ ಬರೆಸಿದ್ದು ನಾವೇ. ಖಾಲಿ ಖಾನೆಯನ್ನು ಆಮೇಲೆ ಹುಡುಕಿ ತುಂಬಬಹುದು. ನಿಜದಂತೆ ಕಾಣುವ ಸುಳ್ಳನ್ನು ಎಲ್ಲಿ ಅಂತ ಹುಡುಕುತ್ತೀರಿ?

ಪರಿಹಾರ ದೊಡ್ಡದೇನಲ್ಲ. ವೆಬ್ ಪುಟ ಕಟ್ಟಲು ಮೈಕ್ರೋಸಾಫ್ಟ್ 2005ರಲ್ಲಿ ತಂದ ಎಎಸ್‌ಪಿ ಡಾಟ್ ನೆಟ್ 2.0ನಲ್ಲೇ ವ್ಯಾಲಿಡೇಶನ್ ಗ್ರೂಪ್ ಎಂಬ ಸೌಲಭ್ಯವಿತ್ತು, ಯಾವ ಬಟನ್ ಒತ್ತಿದರೆ ಯಾವ ಖಾನೆಗಳ ಪರೀಕ್ಷೆ ಎಂದು ಗಂಟುಹಾಕಲು. ವೆಬ್ ಪುಟ ಬರೆಯುವ ಭಾಷೆಯಾದ, 2014ರಲ್ಲಿ ಅಂತಿಮವಾದ ಎಚ್‌ಟಿಎಂಎಲ್ 5ರಲ್ಲಿ ಫಾರ್ಮ್‌ನೋವ್ಯಾಲಿಡೇಟ್ ಇದೆ. ಡ್ರಾಫ್ಟ್ ಬಟನ್‌ಗೆ ಆ ಒಂದು ಪದ ಅಂಟಿಸಿದರೆ, ಅದನ್ನು ಒತ್ತಿದಾಗ ಬ್ರೌಸರ್ ತಕರಾರು ಮಾಡದೆ ಫಾರ್ಮ್ ಕಳಿಸುತ್ತದೆ.

ಇಲ್ಲಿ ಸ್ವಲ್ಪ ಹುಷಾರು. ಈ ಪದ ಮಾಫಿ ಮಾಡಿದರೆ ಎಲ್ಲವನ್ನೂ ಮಾಫಿ ಮಾಡುತ್ತದೆ. ಖಾಲಿ ಖಾನೆಯನ್ನು ಮಾತ್ರ ಮಾಫಿ ಮಾಡಿ, ತಪ್ಪು ತುಂಬಿದ್ದನ್ನು ಹಿಡಿ ಎಂದು ಅದಕ್ಕೆ ಹೇಳಲು ಬರುವುದಿಲ್ಲ. ಆದ್ದರಿಂದ ಡ್ರಾಫ್ಟ್‌ಗೂ ಸರ್ವರ್‌ನಲ್ಲಿ ಅದರದ್ದೇ ಒಂದು ಹಗುರವಾದ ಪರೀಕ್ಷೆ ಬೇಕು. ನನ್ನ ಪದ್ಧತಿ ಹೀಗೆ: ಖಾಲಿ ಬಿಟ್ಟದ್ದಕ್ಕೆ ಕ್ಷಮೆ, ಡೇಟಾಬೇಸ್‌ಗೆ ಹಿಡಿಸದ್ದಕ್ಕೆ ತಡೆ, ಉಳಿದ ತಪ್ಪುಗಳಿಗೆ ಹಳದಿ ಬಣ್ಣದ ಎಚ್ಚರಿಕೆ. ಬ್ಯಾಂಕ್ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಕೋಡ್‌ನ ಐದನೇ ಜಾಗದಲ್ಲಿ ಸೊನ್ನೆಯ ಬದಲು ಇಂಗ್ಲಿಷಿನ ಓ ಅಕ್ಷರ ಹಾಕಿದ್ದರೆ ಡ್ರಾಫ್ಟ್ ಉಳಿಯಲಿ, ಪಕ್ಕದಲ್ಲಿ ಎಚ್ಚರಿಕೆಯೂ ಇರಲಿ. ಎಲ್ಲ ಕಡೆಗೂ ಇದೇ ಸರಿ ಎಂದು ಹೇಳಲಾರೆ. ಆಸ್ಪತ್ರೆಯ ಔಷಧಿ ಚೀಟಿಯ ಡ್ರಾಫ್ಟ್‌ಗೆ ನಾನು ಇಷ್ಟು ಉದಾರಿಯಾಗುವುದಿಲ್ಲ. ಬಟನ್ ಮೂರಾದ ಮಾತ್ರಕ್ಕೆ ಪರೀಕ್ಷೆಯೂ ಮೂರಾಗಬೇಕು ಎಂದೂ ಅಲ್ಲ. ಜಾಂಗೋ ಎಂಬ ವೆಬ್ ಸಲಕರಣೆಯ ಅಡ್ಮಿನ್ ಪುಟದಲ್ಲಿ ಉಳಿಸಿ, ಉಳಿಸಿ ಇನ್ನೊಂದು ಸೇರಿಸಿ, ಉಳಿಸಿ ತಿದ್ದುತ್ತಿರಿ ಎಂದು ಮೂರು ಬಟನ್‌ಗಳಿವೆ. ಮೂರೂ ಉಳಿಸುವವೇ, ಉಳಿಸಿದ ಮೇಲೆ ಎಲ್ಲಿಗೆ ಹೋಗುವುದು ಎಂಬುದಷ್ಟೇ ವ್ಯತ್ಯಾಸ. ಅಲ್ಲಿ ಪರೀಕ್ಷೆ ಒಂದೇ ಇದೆ, ಅದು ಸರಿಯಾಗಿಯೇ ಇದೆ.

ಈಗ ಮೇಡಂ ಹೊಡೆದ ಎಂಟರ್.

ಒಂದು ಸಾಲಿನ ಪಠ್ಯದ ಖಾನೆಯಲ್ಲಿದ್ದು ಎಂಟರ್ ಒತ್ತಿದರೆ ಬ್ರೌಸರ್ ಫಾರ್ಮ್ ಕಳಿಸುತ್ತದೆ. ಯಾವ ಬಟನ್ ಒತ್ತಿದಂತೆ? ಯಾರೂ ಒತ್ತಿಲ್ಲವಲ್ಲ! ಬ್ರೌಸರ್ ತಾನೇ ಆರಿಸಿಕೊಳ್ಳುತ್ತದೆ: ಆ ಫಾರ್ಮ್‌ನ ಮೊದಲ ಸಬ್‌ಮಿಟ್ ಬಟನ್, ಅಂದರೆ ಫಾರ್ಮ್ ಕಳಿಸುವ ಬಟನ್. ಮೊದಲನೆಯದು ಎಂದರೆ ಕಣ್ಣಿಗೆ ಮೊದಲು ಕಾಣುವುದಲ್ಲ. ದೊಡ್ಡದೂ ಅಲ್ಲ, ಹಸಿರು ಬಣ್ಣದ್ದೂ ಅಲ್ಲ, ಕೋಡ್‌ನಲ್ಲಿ ಮೊದಲು ಬರೆದದ್ದು. ಇದನ್ನು ನಾನು ಎಷ್ಟು ಸಲ ಹೇಳಿದರೂ ತಲೆಯಾಡಿಸಿ ಹೋಗಿ ಮತ್ತೆ ಅದೇ ಮಾಡುತ್ತಾರೆ, ಹಾಗಾಗಿ ಇನ್ನೊಮ್ಮೆ: ಪುಟದ ನೋಟ ತಿದ್ದುವ ಸಿಎಸ್‌ಎಸ್‌ನಿಂದ ಬಟನ್ ಅನ್ನು ಬಲತುದಿಗೆ ತಳ್ಳಬಹುದು, ತಲೆಕೆಳಗೆ ಮಾಡಬಹುದು, ಬ್ರೌಸರ್‌ನ ಎಣಿಕೆ ಬದಲಾಗುವುದಿಲ್ಲ.

ನಮ್ಮ ಫಾರ್ಮ್‌ನಲ್ಲಿ 'ಹಿಂಪಡೆಯಿರಿ' ಬಟನ್ ಪರದೆಯ ಮೇಲೆ ಕೊನೆಯಲ್ಲಿತ್ತು, ಕೋಡ್‌ನಲ್ಲಿ ಮೊದಲಿತ್ತು. ಅದಕ್ಕಿಂತ ದೊಡ್ಡ ಎಡವಟ್ಟೆಂದರೆ ಅದಕ್ಕೆ ಫಾರ್ಮ್‌ನೋವ್ಯಾಲಿಡೇಟ್ ಹಾಕಿದ್ದೆವು, ಅರ್ಜಿ ಬೇಡ ಎನ್ನುವವರಿಗೆ ಪಿನ್‌ಕೋಡ್ ಕೇಳಬಾರದು ಎಂಬ ಒಳ್ಳೆಯ ಬುದ್ಧಿಯಿಂದ. ಎಂಟರ್ ಆ ಬಟನ್ ಅನ್ನೇ ಒತ್ತಿತು, ಜೊತೆಗೆ ಅದರ ಮಾಫಿಯೂ ಬಂತು. ಮಧ್ಯೆ ತಡೆಯಲು ಒಂದೇ ಒಂದು ಕೆಂಪು ಸಂದೇಶವೂ ಇಲ್ಲ. ವ್ಯಾಲಿಡೇಶನ್ ಸಡಿಲಿಸಿದ ಬಟನ್ ಕೋಡ್‌ನಲ್ಲಿ ಎಲ್ಲಿದೆ ಎಂದು ನಾನು ಮೊದಲು ನೋಡುವುದು ಅಂದಿನಿಂದ.

"ಖಚಿತವೇ ಅಂತ ಒಂದು ಪೆಟ್ಟಿಗೆ ಹಾಕಿ ಸರ್, ಸಾಕು" ಎಂದರು ಸಂಘದ ಕಾರ್ಯದರ್ಶಿ. ಹಾಕಿ ತೋರಿಸಿದೆ. ಮೇಡಂ ಎಂಟರ್ ಹೊಡೆದರು, ಪೆಟ್ಟಿಗೆ ಬಂತು, ಅದರಲ್ಲಿ 'ಸರಿ' ಮೊದಲೇ ಆಯ್ಕೆಯಾಗಿತ್ತು, ಮುಂದಿನ ಖಾನೆಗಾಗಿ ಅವರು ಇನ್ನೊಂದು ಎಂಟರ್ ಹೊಡೆದರು. ಅರ್ಜಿ ಮತ್ತೆ ಹೋಯಿತು. "ಅಯ್ಯ ಶಿವನ" ಎಂದು ಅವರೇ ನಕ್ಕರು. ಕೊನೆಗೆ 'ಹಿಂಪಡೆಯಿರಿ'ಗೆ ಬೇರೆಯದೇ ಫಾರ್ಮ್ ಮಾಡಿದೆವು. ಮುಖ್ಯ ಫಾರ್ಮ್‌ನ ಮೊದಲ ಬಟನ್ ಆಗಿ ಡ್ರಾಫ್ಟ್ ಅನ್ನು ಇಟ್ಟೆವು. ಈಗ ಎಂಟರ್ ಹೊಡೆದರೆ ಅರ್ಜಿ ಉಳಿಯುತ್ತದೆ, ಅಷ್ಟೇ.

ಇನ್ನು ಸರ್ವರ್‌ನ ಕಡೆ. ಹಲವು ಬಟನ್‌ಗಳಲ್ಲಿ ಒತ್ತಿದ ಒಂದರ ಹೆಸರು, ಮೌಲ್ಯ ಮಾತ್ರ ಸರ್ವರ್‌ಗೆ ಹೋಗುತ್ತದೆ. ಯಾವ ಪರೀಕ್ಷೆ ನಡೆಸಬೇಕೆಂಬ ತೀರ್ಮಾನವೆಲ್ಲ ಆ ಎಳೆಯ ಮೇಲೆ ನಿಂತಿದೆ, ಮತ್ತು ಎಳೆ ಬಲು ಸಪೂರ. ಇನ್‌ಪುಟ್ ಟ್ಯಾಗ್ ಎಂಬ ಕೋಡ್ ಗುರುತಿನಿಂದ ಮಾಡಿದ ಸಬ್‌ಮಿಟ್ ಬಟನ್‌ನಲ್ಲಿ ಮೇಲೆ ಕಾಣುವ ಪದವೇ ಸರ್ವರ್‌ಗೆ ಹೋಗುವ ಮೌಲ್ಯವೂ ಹೌದು. ಒಂದು ಕಡೆ ಸರ್ವರ್ ಕೋಡ್ ಇಂಗ್ಲಿಷಿನ 'ಸೇವ್' ಪದಕ್ಕೆ ಕಾಯುತ್ತಿತ್ತು. ರಾಜ್ಯೋತ್ಸವದ ಹೊತ್ತಿಗೆ ಪುಟವನ್ನು ಕನ್ನಡಕ್ಕೆ ತಂದರು, ಬಟನ್ ಮೇಲೆ 'ಉಳಿಸಿ' ಬಂತು. ಪದ ಹೊಂದದೆ ಕೋಡ್ ಕೊನೆಯ 'ಇಲ್ಲವಾದರೆ' ಶಾಖೆಗೆ ಇಳಿಯಿತು, ಅಲ್ಲಿದ್ದದ್ದು ಅಂತಿಮ ಸಲ್ಲಿಕೆ. ಕನ್ನಡದಲ್ಲಿ ಉಳಿಸಿದವರ ಅರ್ಜಿಗಳು ಅರೆಬೆಂದ ಸ್ಥಿತಿಯಲ್ಲೇ ಸಲ್ಲಿಕೆಗೆ ಹೊರಟವು. ಅದರ ಬದಲು ಬಟನ್ ಟ್ಯಾಗ್ ಬಳಸಿದ್ದರೆ ಕಾಣುವ ಪದ ಬೇರೆ, ಹೋಗುವ ಮೌಲ್ಯ ಬೇರೆ ಇಡಬಹುದಿತ್ತು.

ಎರಡು ಸಲ ಒತ್ತುವವರನ್ನು ತಡೆಯಲೆಂದು ಕ್ಲಿಕ್ ಆದ ತಕ್ಷಣ ಬಟನ್ ಅನ್ನು ನಿಷ್ಕ್ರಿಯಗೊಳಿಸಿ, ಸ್ಕ್ರಿಪ್ಟ್‌ನಿಂದ ಫಾರ್ಮ್ ಕಳಿಸುವ ಹುಡುಗರೂ ಇದ್ದಾರೆ. ಆಗ ಬಟನ್‌ನ ಹೆಸರೂ ಹೋಗುವುದಿಲ್ಲ, ಸಬ್‌ಮಿಟ್ ಎಂಬ ಆ ಹಳೆಯ ಆಜ್ಞೆ ಬ್ರೌಸರ್‌ನ ಪರೀಕ್ಷೆಯನ್ನೂ ನಡೆಸುವುದಿಲ್ಲ. ಅದರ ಬದಲು ರಿಕ್ವೆಸ್ಟ್‌ಸಬ್‌ಮಿಟ್ ಎಂಬ ಆಜ್ಞೆ ಬಳಸಿ, ಯಾವ ಬಟನ್ ಎಂದು ಅದಕ್ಕೆ ಹೇಳಿ ಎನ್ನುತ್ತೇನೆ. ಏನೇ ಮಾಡಿದರೂ ಬಟನ್‌ನ ಹೆಸರಿಲ್ಲದ ಫಾರ್ಮ್ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಅದನ್ನು ಏನೂ ಕೆಡದ ಶಾಖೆಗೆ ಕಳಿಸಿ. ನನ್ನ ಮಟ್ಟಿಗೆ ಹೆಚ್ಚಿನ ಕಡೆ ಅದು ಡ್ರಾಫ್ಟ್.

ಈಗ ಯಾರೇ ಫಾರ್ಮ್ ತೋರಿಸಲು ಬಂದರೂ ನಾನು ಮೊದಲು ಮೌಸ್‌ನ ವೈರ್ ಕಿತ್ತು ಪಕ್ಕಕ್ಕಿಡುತ್ತೇನೆ. ಪ್ರತಿ ಖಾನೆಯಲ್ಲೂ ಒಂದೊಂದು ಅಕ್ಷರ, ಒಂದೊಂದು ಎಂಟರ್, ಮೇಡಂ ಹೊಡೆದ ಹಾಗೆ. ಕಳೆದ ತಿಂಗಳು ಹಳೆಯ ಎಎಸ್‌ಪಿ ಡಾಟ್ ನೆಟ್ ಪುಟವೊಂದು ಬಂತು, ಇಡೀ ಪುಟವೇ ಒಂದು ಫಾರ್ಮ್ ಆಗಿರುವ ಕಾಲದ್ದು. ವ್ಯಾಲಿಡೇಶನ್ ಅಚ್ಚುಕಟ್ಟಾಗಿದೆ ಎಂದು ತಂದವರಿಗೆ ಭಾರೀ ಭರವಸೆ. ಹೆಸರಿನ ಖಾನೆಯಲ್ಲಿ ಒಂದು ಅಕ್ಷರ ಟೈಪ್ ಮಾಡಿ ಎಂಟರ್ ಹೊಡೆದೆ. ಲಾಗ್ಔಟ್ ಆಯಿತು.